ಮಲರ್‌ಕೊಡಿ ಹೆಸರಿನ ಖಾತೆ

೨೦೨೫ರ ಮೇ ೧೨, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಉದಕಮಂಡಲದ ಸೈಬರ್ ಅಪರಾಧ ಠಾಣೆಗೆ ಒಬ್ಬ ಹೆಂಗಸು ಬಂದಳು. ವಯಸ್ಸು ಮೂವತ್ತನಾಲ್ಕು. ಹೆಸರು ಸೆಲ್ವಿ. ಮಸಿನಗುಡಿಯಿಂದಾಚೆ ಮೋಯಾರ್ ದಾರಿಯಲ್ಲಿರುವ ಹಾಡಿಯವಳು. ಗಂಡ ಅರಣ್ಯ ಇಲಾಖೆಯ ದಿನಗೂಲಿ. ಮೊದಲ ಬಸ್ಸು ಹಿಡಿದು ಬಂದಿದ್ದರಿಂದ ಸೆರಗು ತಲೆಯ ಮೇಲೆ ಹೊದ್ದದ್ದು ಹಾಗೇ ಇತ್ತು. ಕೈಯಲ್ಲಿ ಒಂದು ಮೊಬೈಲು, ಒಂದು ಅರ್ಜಿ.

ಇನ್‌ಸ್ಪೆಕ್ಟರ್ ಸುಗನ್ಯಾ ಅರ್ಜಿಯನ್ನು ಎರಡು ಸಲ ಓದಿದರು. ಹಳೆಯ ಯಂತ್ರಗಳನ್ನು ಹರಾಜು ಹಾಕುವ ಒಂದು ಜಾಲತಾಣದಲ್ಲಿ ಸ್ವೆಟರ್ ಹೆಣೆಯುವ ಕೈಯಂತ್ರವೊಂದು ಮಾರಾಟಕ್ಕೆ ಬಂದಿತ್ತು. ಮಾರುವವರು ಎಮರಾಲ್ಡ್ ಎಂಬ ಊರಿನ ಮಲರ್‌ಕೊಡಿ. ಮಾರ್ಚಿನಿಂದ ಇಲ್ಲಿಯವರೆಗೆ ಅದೇ ಯಂತ್ರ ಐದು ಸಲ ಹರಾಜಿಗೆ ಬಂತು. ಸೆಲ್ವಿ ಐದು ಸಲವೂ ಸವಾಲು ಕೂಗಿದಳು. ನಾಲ್ಕು ಸಲ ಕೊನೆಯ ನಿಮಿಷದಲ್ಲಿ ಯಾರೋ ಇಬ್ಬರು ಅವಳಿಗಿಂತ ಹೆಚ್ಚಿಗೆ ಕೂಗಿ, ಅವರಲ್ಲೊಬ್ಬರು ಗೆದ್ದರು. ಪ್ರತಿ ಸಲವೂ ಅದೇ ಇಬ್ಬರು. ವಾರ ಕಳೆದರೆ ‘ಕೊಂಡವರು ಬರಲಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಯಂತ್ರ ಮತ್ತೆ ಹರಾಜಿಗೆ ಬರುತ್ತಿತ್ತು. ಮೇ ೪ರ ಭಾನುವಾರ ಸಂಜೆ ಆರಕ್ಕೆ ಮುಗಿದ ಐದನೆಯ ಹರಾಜಿನಲ್ಲಿ ಮಾತ್ರ ಆ ಇಬ್ಬರು ಬರಲಿಲ್ಲ. ಸೆಲ್ವಿ ಗೆದ್ದಳು, ಪೂರ್ತಿ ಹಣ ಕಟ್ಟಿದಳು. ಮೇ ೯ರಂದು ಬಾಡಿಗೆ ಪಿಕಪ್ ತೆಗೆದುಕೊಂಡು ಎಮರಾಲ್ಡಿಗೆ ಹೋದಾಗ, ಕೊಟ್ಟ ವಿಳಾಸದಲ್ಲಿ ಸಿಕ್ಕಿದ್ದು ಬೀಗ ಹಾಕಿದ ಸರ್ಕಾರಿ ವಸತಿಗೃಹ. ಬಾಗಿಲವರೆಗೆ ಗಿಡ ಬೆಳೆದಿತ್ತು. ಹರಾಜು ಮುಗಿದಂದಿನಿಂದ ಮಾರುವವರ ಉತ್ತರವೇ ಇಲ್ಲ.

ಯಂತ್ರ ಯಾಕೆ ಅಷ್ಟು ಬೇಕಾಗಿತ್ತು ಎಂದು ಸುಗನ್ಯಾ ಕೇಳಿದರು. ಮದುವೆಗೆ ಮೊದಲು ಆರು ವರ್ಷ ಊಟಿಯ ಹೆಣಿಗೆ ಘಟಕವೊಂದರಲ್ಲಿ ಕೆಲಸ ಮಾಡಿದ್ದಾಗಿ ಸೆಲ್ವಿ ಹೇಳಿದಳು. ಈಗ ಹಾಡಿಯ ನಾಲ್ವರು ಹೆಂಗಸರು ಸೇರಿ ಗುಂಪು ಮಾಡಿಕೊಂಡಿದ್ದಾರೆ. ವಸತಿಶಾಲೆಯೊಂದು ಜೂನ್ ಹದಿನೈದರೊಳಗೆ ಅರವತ್ತು ಸ್ವೆಟರ್ ಕೇಳಿದೆ. ಮೊದಲನೆಯದೇ ತಪ್ಪಿದರೆ ಎರಡನೆಯ ಸಲ ಯಾರೂ ಕೇಳುವುದಿಲ್ಲ.

ಎದ್ದು ಹೊರಡುವಾಗ ಅವಳು ತಡೆದು ನಿಂತಳು.

“ಮೇಡಂ, ಅಕ್ಕ ಮೋಸ ಮಾಡೋರಲ್ಲ. ಅವರಿಗೆ ಏನೋ ಆಗಿರಬೇಕು. ಅದನ್ನೂ ಸ್ವಲ್ಪ ನೋಡಿ.”

ಯಾವ ಅಕ್ಕ ಎಂದು ಸುಗನ್ಯಾ ಕೇಳಬೇಕಾಯಿತು. ಮಾರುವವರೇ, ಮಲರ್‌ಕೊಡಿ ಅಕ್ಕ ಎಂದಳು ಸೆಲ್ವಿ. ಮುಖ ನೋಡಿದವಳಲ್ಲ, ದನಿ ಕೇಳಿದವಳಲ್ಲ. ಎರಡು ತಿಂಗಳಿಂದ ಜಾಲತಾಣದ ಸಂದೇಶಗಳಲ್ಲಿ ಮಾತಾಡುತ್ತ ಬಂದಿದ್ದಳು, ಅಷ್ಟೆ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ೩೧೮(೪), ೩೧೯(೨), ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೬-ಡಿ; ಅಂದರೆ ವಂಚನೆ, ಸೋಗು ಹಾಕಿ ವಂಚನೆ. ಮಧ್ಯಾಹ್ನವೇ ಜಾಲತಾಣದ ಕೊಯಮತ್ತೂರಿನ ಕಚೇರಿಗೆ ನೋಟಿಸು ಹೋಯಿತು.

ಉತ್ತರ ಬಂದದ್ದು ಮೇ ೧೯ಕ್ಕೆ. ಹೆಡ್ ಕಾನ್‌ಸ್ಟೆಬಲ್ ಸರವಣನ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಅವರಿಗೆ ಈ ತರಹದ ಪ್ರಕರಣಗಳು ಹೊಸದಲ್ಲ. ಮಾರುವವನೇ ಬೇರೆ ಹೆಸರುಗಳಲ್ಲಿ ಕೂಗಿ ಬೆಲೆ ಏರಿಸುವುದು, ಹಣ ಬಂದ ಕೂಡಲೇ ತೆಗೆದುಕೊಂಡು ಮಾಯವಾಗುವುದು. ಇಲ್ಲಿಯೂ ಅರ್ಧ ಹಾಗೆಯೇ ಇತ್ತು. ಮಾರುವವರ ಖಾತೆ, ಕೂಗಿದ ಎರಡು ಖಾತೆ, ಮೂರೂ ಒಂದೇ ಫೋನಿನಿಂದ ನಡೆದಿದ್ದವು. ಉಳಿದರ್ಧ ಮಾತ್ರ ಅವರಿಗೆ ಅರ್ಥವಾಗಲಿಲ್ಲ. ಸೆಲ್ವಿ ಕಟ್ಟಿದ ಹಣ ಜಾಲತಾಣದಲ್ಲೇ ಬಿದ್ದಿತ್ತು. ತೆಗೆದುಕೊಳ್ಳಲು ಯಾರೂ ಪ್ರಯತ್ನಿಸಿರಲಿಲ್ಲ. ಮಾರುವವರು ಒಪ್ಪದೆ ವಾಪಸು ಕೊಡುವುದು ತಮ್ಮ ನಿಯಮದಲ್ಲಿಲ್ಲ ಎಂದು ಕಚೇರಿ ಬರೆದಿತ್ತು.

“ಬೆಲೆ ಏರಿಸೋಕೆ ಕೂಗಿದ್ದಲ್ಲ ಇದು,” ಎಂದರು ಸುಗನ್ಯಾ. “ಮಾರದೇ ಇರೋಕೆ ಕೂಗಿದ್ದು.”

ಕೂಗಿದವರಲ್ಲಿ ಒಬ್ಬನ ಹೆಸರು ಮಣಿಕಂಡನ್, ಊರು ನಂಜನಾಡು. ಮಾರನೆಯ ದಿನ ಒಂಬತ್ತಕ್ಕೆ ಸರವಣನ್ ಅಲ್ಲಿಗೆ ಹೋದಾಗ ಆತ ಪಾತಿಯಲ್ಲಿ ಕುಳಿತು ಕ್ಯಾರೆಟ್ ಕೀಳುತ್ತಿದ್ದ. ಅರವತ್ತು ದಾಟಿದವನು, ಹಿಂದೆ ಅಣೆಕಟ್ಟಿನಲ್ಲಿ ಹಂಗಾಮಿ ಕೂಲಿಯಾಗಿದ್ದವನು. ಜೇಬಿನಿಂದ ತೆಗೆದು ತೋರಿಸಿದ್ದು ಗುಂಡಿ ಒತ್ತುವ ಹಳೆಯ ಫೋನು. ಹರಾಜು ಎಂದರೆ ಅವನಿಗೆ ಮೇಟ್ಟುಪಾಳಯಂನ ತರಕಾರಿ ಮಂಡಿಯೊಂದೇ ಗೊತ್ತು. ಆಧಾರ್ ಪ್ರತಿಯನ್ನು ಯಾರಿಗೆ ಕೊಟ್ಟಿದ್ದೆ ಎಂದು ಸರವಣನ್ ಕೇಳಿದರು. ಸೊಸೈಟಿಗೆ, ಬ್ಯಾಂಕಿಗೆ, ಆಮೇಲೆ ರಾಜೇಂದ್ರನ್ ಅಣ್ಣನಿಗೆ. ಅಣ್ಣ ವಿದ್ಯುದಾಗಾರದಲ್ಲಿ ಗುಮಾಸ್ತರಾಗಿದ್ದವರು. ಓದು ಬರಹ ಬಾರದವರ ಅರ್ಜಿಗಳನ್ನೆಲ್ಲ ಅವರೇ ತುಂಬಿಕೊಡುತ್ತಿದ್ದರು, ಒಂದು ಕಾಫಿ ಕೂಡ ಕುಡಿಯದೆ.

ಅದೇ ಹೊತ್ತಿಗೆ ಠಾಣೆಯಲ್ಲಿ ಕಾನ್‌ಸ್ಟೆಬಲ್ ನಿವೇತಾ ಆ ಖಾತೆಯ ಸಂದೇಶಗಳನ್ನು ಓದುತ್ತಿದ್ದಳು. ಅವಳು ಎಮರಾಲ್ಡ್ ಪಕ್ಕದ ಹಟ್ಟಿಯ ಬಡಗ ಸಮುದಾಯದ ಹುಡುಗಿ. ಹತ್ತಾರು ಮಂದಿ ಯಂತ್ರದ ಬಗ್ಗೆ ವಿಚಾರಿಸಿದ್ದರು. ಯಾರಿಗೂ ಒಂದು ಸಾಲಿನಲ್ಲಿ ಉತ್ತರ ಹೋಗಿರಲಿಲ್ಲ. ಸೂಜಿಗಳೆಲ್ಲ ಸರಿಯಾಗಿವೆಯೇ ಎಂದು ಒಬ್ಬರು ಕೇಳಿದರೆ, ಎಡಗಡೆಯ ಒಂಬತ್ತನೆಯದು ಸ್ವಲ್ಪ ಬಾಗಿದೆ, ಮಳೆಗಾಲದಲ್ಲಿ ನೂಲು ಬಿಗಿಯುತ್ತದೆ, ಆಗ ಅದನ್ನು ಬಿಟ್ಟು ಹೆಣೆಯುತ್ತೇನೆ ಎಂದು ಉತ್ತರ. ಬೆಳಿಗ್ಗೆ ಎಷ್ಟು ಹೊತ್ತಿಗೆ ಕೂರುತ್ತೀರಿ ಅಕ್ಕಾ ಎಂದು ಸೆಲ್ವಿ ಕೇಳಿದ್ದಳು. ಮನೆಯವರು ಆರು ಗಂಟೆ ಪಾಳಿಗೆ ಹೊರಟ ಮೇಲೆ ಕೂತರೆ ಎರಡು ಗಂಟೆಯ ಪಾಳಿ ಗಾಡಿ ಬರುವವರೆಗೆ ಏಳುವುದಿಲ್ಲ, ಗಾಡಿಯ ಸದ್ದು ಕೇಳಿ ಅನ್ನಕ್ಕೆ ಇಡುತ್ತೇನೆ ಎಂದು ಬರೆದಿತ್ತು.

ನಿವೇತಾ ಹಾಳೆಗಳನ್ನು ಇನ್‌ಸ್ಪೆಕ್ಟರ್ ಕೋಣೆಗೆ ತಂದಳು. ದೂರವಾಣಿ ಕಂಪನಿಯ ಉತ್ತರವೂ ಬಂದಿತ್ತು. ಖಾತೆಗೆ ಜೋಡಿಸಿದ ಸಿಮ್ ನಿಜವಾಗಿಯೂ ಮಲರ್‌ಕೊಡಿಯವರದೇ. ಆದರೆ ಅಂದು ಮಧ್ಯಾಹ್ನ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ಫೋನು ಮಾಡಿದಾಗ ಬೇರೆ ಸಂಗತಿ ತಿಳಿಯಿತು. ಮಲರ್‌ಕೊಡಿ, ವಯಸ್ಸು ಐವತ್ತೈದು, ೨೦೨೪ರ ಮಾರ್ಚ್ ೨ರಂದು ತೀರಿಕೊಂಡಿದ್ದಾರೆ. ಮರಣ ನೋಂದಾಯಿಸಿದವರು ಗಂಡ, ರಾಜೇಂದ್ರನ್. ನಿವೃತ್ತಿಯಾದ ಮೇಲೆ ವಸತಿಗೃಹ ಬಿಟ್ಟು ಎಮರಾಲ್ಡ್ ಪೇಟೆಯ ಹಿಂದೆ ಬಾಡಿಗೆ ಮನೆಯಲ್ಲಿದ್ದಾರೆ.

ಮೇ ೨೨, ಗುರುವಾರ. ಯಂತ್ರವನ್ನು ಗುರುತಿಸಲು ಸೆಲ್ವಿಯನ್ನು ಠಾಣೆಗೆ ಕರೆಸಿದ್ದರು. ಜೀಪು ಹತ್ತುವ ಮೊದಲು ಸುಗನ್ಯಾ ಅವಳನ್ನು ಕೋಣೆಗೆ ಕರೆದು ಕೂರಿಸಿ ಮಲರ್‌ಕೊಡಿ ತೀರಿಹೋದ ವಿಷಯ ಹೇಳಿದರು. ತನ್ನ ಮಗಳಿಗೆ ಜ್ವರ ಬಂದಾಗ ಅಕ್ಕ ದಿನಕ್ಕೆರಡು ಸಲ ವಿಚಾರಿಸಿಕೊಂಡಿದ್ದರು ಎಂದಳು ಸೆಲ್ವಿ. ಆಮೇಲೆ, ಹಾಗಾದರೆ ಯಾರ ಹತ್ತಿರ ಮಾತಾಡಿದೆ ನಾನು ಎಂದು ತನಗೇ ಹೇಳಿಕೊಂಡಳು. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಹನ್ನೆರಡು ಗಂಟೆಗೆ ಬಾಗಿಲು ತೆರೆದ ರಾಜೇಂದ್ರನ್ ಎತ್ತರದ, ಸೊರಗಿದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಬೂದು ಬಣ್ಣದ ಸ್ವೆಟರು. ಸಮವಸ್ತ್ರ ನೋಡಿ ಹಿಂದೆ ಸರಿದು ದಾರಿ ಬಿಟ್ಟರು. ನಿವೇತಾ ಬಡಗ ನುಡಿಯಲ್ಲಿ ಮಾತು ಶುರು ಮಾಡಿದಾಗ ಅವಳ ಹಟ್ಟಿ ಯಾವುದೆಂದು ಕೇಳಿದರು, ಕುರ್ಚಿ ಎಳೆದರು. ಸುಗನ್ಯಾ ಕೂರಲಿಲ್ಲ.

“ಮಲರ್‌ಕೊಡಿ ಹೆಸರಲ್ಲಿ ಖಾತೆ ತೆರೆದವರು ಯಾರು?”

“ನಾನೇ.”

“ಮಣಿಕಂಡನ್ ಹೆಸರಲ್ಲಿ?”

“ಅದೂ ನಾನೇ. ಇನ್ನೊಂದೂ.”

“ಅವರಿಗೆ ಗೊತ್ತಿತ್ತಾ?”

“ಇಲ್ಲ ಮೇಡಂ. ನನ್ನ ನಂಬಿ ಕೊಟ್ಟ ಕಾಗದಗಳು.”

ಮೇ ನಾಲ್ಕರಂದು ಯಾಕೆ ಕೂಗಲಿಲ್ಲ ಎಂದು ಕೇಳಿದ್ದಕ್ಕೆ, ಅಂದು ಸಂಜೆ ಗಾಳಿಗೆ ಮರ ಬಿದ್ದು ಕರೆಂಟು ಹೋಗಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ ಎಂದರು. ರಾತ್ರಿ ಸಿಗ್ನಲ್ ಬಂದಾಗ ಯಂತ್ರ ಮಾರಾಟವಾಗಿ ಹೋಗಿತ್ತು. ಏನು ಬರೆಯಬೇಕೆಂದು ತಿಳಿಯದೆ ಫೋನು ಆಫ್ ಮಾಡಿ ಕಪಾಟಿನಲ್ಲಿಟ್ಟರು. ಅದನ್ನು ಈಗ ತಂದು ಮೇಜಿನ ಮೇಲಿಟ್ಟರು.

ಯಂತ್ರ ಒಳಕೋಣೆಯ ಕಿಟಕಿಯ ಪಕ್ಕ ಇತ್ತು. ಧೂಳಿಲ್ಲ, ಎಣ್ಣೆ ಹಾಕಿ ಒರೆಸಿದ ಹೊಳಪು. ಜಾಲತಾಣದ ಚಿತ್ರಗಳಲ್ಲಿದ್ದದ್ದು ಇದೇ ಎಂದು ಸೆಲ್ವಿ ಗುರುತಿಸಿದಳು. ಗ್ರಾಮ ಆಡಳಿತಾಧಿಕಾರಿ ಮತ್ತು ಪಕ್ಕದ ಮನೆಯ ಶಿಕ್ಷಕಿ ಪಂಚರಾಗಿ ಬಂದರು. ಹನ್ನೆರಡೂ ಐವತ್ತಕ್ಕೆ ಪಂಚನಾಮೆ ಬರೆಯಲು ಶುರುವಾಯಿತು. ಸರವಣನ್ ಯಂತ್ರವನ್ನು ಎತ್ತಲು ಒಂದು ಬದಿ ಹಿಡಿದಾಗ ರಾಜೇಂದ್ರನ್ ಮೊದಲ ಸಲ ದನಿ ಎತ್ತಿದರು.

“ಸ್ವಲ್ಪ ತಡೀರಿ ಸಾರ್. ಅದರಲ್ಲಿ ಇದೆ.”

ಸೂಜಿಗಳ ಸಾಲಿನಿಂದ ಗೇಣುದ್ದದ ಹೆಣಿಗೆ ಕೆಳಕ್ಕೆ ಇಳಿಬಿದ್ದಿತ್ತು. ಕಂದುಗೆಂಪು ನೂಲು, ಶಾಲೆಯ ಮಗುವಿನ ಸ್ವೆಟರಿನ ಬೆನ್ನಿನ ಭಾಗ. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮಲರ್‌ಕೊಡಿ ಅಲ್ಲಿಗೆ ನಿಲ್ಲಿಸಿ ಎದ್ದಿದ್ದರು. ಸಂಜೆ ಬಂದು ಮುಗಿಸುತ್ತೇನೆ ಎಂದಿದ್ದರು. ವಸತಿಗೃಹದಿಂದ ಇಲ್ಲಿಗೆ ತರುವಾಗ ರಾಜೇಂದ್ರನ್ ಯಂತ್ರದ ಒಂದು ತುದಿಯನ್ನು ತಾವೇ ಹಿಡಿದು, ಅಲುಗದಂತೆ, ಎರಡು ಕಿಲೋಮೀಟರು ನಡೆದೇ ತಂದಿದ್ದರು. ಹೆಣಿಗೆಯನ್ನು ಸೂಜಿಯಿಂದ ತೆಗೆಯಲು ಅವರಿಗೆ ಬರುತ್ತಿರಲಿಲ್ಲ. ಎಳೆದರೆ ಪೂರ್ತಿ ಬಿಚ್ಚಿಹೋಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ಸೆಲ್ವಿ ಅಲ್ಲಿಯವರೆಗೆ ರಾಜೇಂದ್ರನ್ ಮುಖ ನೋಡಿರಲಿಲ್ಲ. ಎರಡು ವಾರ ಹಾಳಾಗಿತ್ತು, ಜೊತೆಯ ಹೆಂಗಸರಿಂದ ಮಾತು ಕೇಳಿದ್ದಳು. ಆ ಸಿಟ್ಟು ಇಳಿದಿರಲಿಲ್ಲ. ಆದರೂ ಅವಳು ಯಂತ್ರದ ಬಳಿ ಹೋಗಿ ಬಗ್ಗಿ ನೋಡಿದಳು, ನಿವೇತಾಳ ಹತ್ತಿರ ಹೊಲಿಯುವ ದಪ್ಪ ಸೂಜಿ ಕೇಳಿದಳು. ಸೂಜಿ ಮಲರ್‌ಕೊಡಿಯ ಡಬ್ಬಿಯಲ್ಲೇ ಸಿಕ್ಕಿತು, ಬಿಳಿ ನೂಲೂ ಸಿಕ್ಕಿತು.

“ನೀವು ಕೆಳಗೆ ಹಿಡ್ಕೊಳ್ಳಿ,” ಎಂದಳು ರಾಜೇಂದ್ರನ್‌ಗೆ. “ಎಳೀಬೇಡಿ. ಭಾರ ಹೊತ್ಕೊಂಡರೆ ಸಾಕು.”

ಅವರು ನೆಲದ ಮೇಲೆ ಕೂತು ಎರಡೂ ಅಂಗೈಗಳಲ್ಲಿ ಹೆಣಿಗೆಯನ್ನು ಹಿಡಿದುಕೊಂಡರು. ಸೆಲ್ವಿ ಬಲತುದಿಯಿಂದ ಶುರು ಮಾಡಿದಳು. ಒಂದು ಸೂಜಿಯನ್ನು ಮುಂದಕ್ಕೆ ತಳ್ಳುವುದು, ಅದರ ಕುಣಿಕೆಯೊಳಗೆ ಬಿಳಿ ನೂಲು ಹಾಯಿಸುವುದು, ಸೂಜಿಯನ್ನು ಹಿಂದಕ್ಕೆ ಬಿಡುವುದು, ಮುಂದಿನದಕ್ಕೆ ಹೋಗುವುದು. ಎಡಗಡೆಯ ಬಾಗಿದ ಸೂಜಿ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ತನಗೆ ಬಂದ ಸಂದೇಶಗಳಿಂದಲೇ ಅದು ಅವಳಿಗೆ ಗೊತ್ತಿತ್ತು. ಅಲ್ಲಿ ಬೆರಳುಗಳು ನಿಧಾನಿಸಿದವು. ಸರವಣನ್ ಪಂಚನಾಮೆ ಬರೆಯುವುದನ್ನು ನಿಲ್ಲಿಸಿ ಪೆನ್ನು ಮುಚ್ಚಿದ್ದರು. ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಹೆಣಿಗೆ ಬಿಳಿ ದಾರಕ್ಕೆ ಪೋಣಿಸಿಕೊಂಡು, ಒಂದು ಎಳೆಯೂ ಜಾರದೆ, ರಾಜೇಂದ್ರನ್ ಅಂಗೈಗೆ ಇಳಿಯಿತು. ಸೆಲ್ವಿ ದಾರದ ಎರಡೂ ತುದಿ ಗಂಟು ಹಾಕಿದಳು.

“ಅಕ್ಕನ ಕೈ ಒಳ್ಳೇ ಕೈ,” ಎಂದಳು. “ಎಲ್ಲೂ ಬಿಗಿ ಇಲ್ಲ, ಸಡಿಲ ಇಲ್ಲ.”

ಪಂಚನಾಮೆ ಒಂದೂ ಐವತ್ತೈದಕ್ಕೆ ಮುಗಿಯಿತು. ವಶಪಡಿಸಿಕೊಂಡದ್ದು ಹೆಣಿಗೆ ಯಂತ್ರ ಒಂದು, ಮೊಬೈಲು ಒಂದು, ಇಬ್ಬರ ಗುರುತುಪತ್ರದ ಪ್ರತಿಗಳು. ಸ್ವೆಟರಿನ ತುಂಡು ಪಟ್ಟಿಯಲ್ಲಿ ಬರಲಿಲ್ಲ. ಅದು ಹರಾಜಿನ ಸ್ವತ್ತಲ್ಲ ಎಂದು ಸುಗನ್ಯಾ ಹೇಳಿದರು. ಎರಡೂ ಹತ್ತಕ್ಕೆ ಬಂಧನ. ವಿಷಯ ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ರಾಜೇಂದ್ರನ್ ಯೋಚಿಸಿದರು. ಮಕ್ಕಳಿರಲಿಲ್ಲ. ಮಣಿಕಂಡನ್‌ಗೆ ತಿಳಿಸಿ, ಅವನ ಕಾಗದ ಬಳಸಿದ ತಪ್ಪು ಒಪ್ಪಿಕೊಂಡೆ ಅಂತಲೂ ಹೇಳಿ ಎಂದರು.

ಮಾರನೆಯ ದಿನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಜಾಮೀನಿಗೆ ನಿಂತ ಇಬ್ಬರಲ್ಲಿ ಮಣಿಕಂಡನ್ ಒಬ್ಬ. ಪ್ರಕರಣ ನಿಲ್ಲಲಿಲ್ಲ, ಸೆಲ್ವಿಯೂ ದೂರನ್ನು ಹಿಂತೆಗೆದುಕೊಳ್ಳಲಿಲ್ಲ. ಹಣ ಕಟ್ಟಿದ ರಸೀತಿ ನೋಡಿ ಯಂತ್ರವನ್ನು ಮೇ ೩೦ರಂದು ನ್ಯಾಯಾಲಯ ಅವಳ ಸುಪರ್ದಿಗೆ ಬಿಟ್ಟಿತು. ಜೂನ್ ಹದಿನೈದರೊಳಗೆ ಮುಗಿದದ್ದು ಮೂವತ್ತೆಂಟು ಸ್ವೆಟರು. ಉಳಿದವಕ್ಕೆ ಶಾಲೆ ಇನ್ನೊಂದು ವಾರ ಕೊಟ್ಟಿತು.

ಬಂಧನದ ದಿನ ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ಸುಗನ್ಯಾ ಅವರೇ. ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಮಾರಲು ಮನಸ್ಸಿಲ್ಲದ ಮೇಲೆ ಹರಾಜಿಗೆ ಹಾಕಿದ್ದು ಯಾಕೆ ಎಂದು ಕೇಳಿದರು. ಮೊದಲ ಸಲ ಮಾರಲೆಂದೇ ಹಾಕಿದ್ದೆ ಎಂದರು ರಾಜೇಂದ್ರನ್. ಫೋನು ಅವಳದು, ಹಾಗಾಗಿ ಖಾತೆ ಅವಳ ಹೆಸರಲ್ಲೇ ಆಯಿತು. ಗಂಟೆಯೊಳಗೆ ಸಂದೇಶಗಳು ಬಂದವು, ಎಲ್ಲವೂ ಅವಳ ಹೆಸರಿಗೆ. ತಾನು ಗಂಡ, ಅವಳಿಲ್ಲ ಎಂದು ಟೈಪು ಮಾಡಿ ಅಳಿಸಿದ್ದು ಎಷ್ಟು ಸಲವೋ. ಕೊನೆಗೆ ಅವಳಾಗಿಯೇ ಉತ್ತರ ಬರೆದರು. ಮೂವತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದ್ದರಿಂದ ಬರೆಯುವುದು ಕಷ್ಟವಾಗಲಿಲ್ಲ. ಹರಾಜು ಮುಗಿದರೆ ಮಾತೂ ಮುಗಿಯುತ್ತದೆ ಎಂದು ತಿಳಿದಾಗ, ಮುಗಿಯದಂತೆ ನೋಡಿಕೊಂಡರು.

ಆಮೇಲೆ ಅವರೇ ಮುಂದುವರಿಸಿದರು.

“ಮನೆಗೆ ಬಂದವರೆಲ್ಲ ಅವಳು ಹೇಗೆ ಹೋದಳು ಅಂತ ಕೇಳ್ತಿದ್ದರು ಮೇಡಂ. ಈ ಹೆಣ್ಣುಮಗಳು, ಅಕ್ಕಾ ಊಟ ಆಯ್ತಾ ಅಂತ ಕೇಳಿದಳು.”

ಪೊಲೀಸರ ಮುಂದೆ ಆಡಿದ ಈ ಮಾತು ನ್ಯಾಯಾಲಯದಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ ಎಂದು ಸುಗನ್ಯಾಗೆ ಗೊತ್ತಿತ್ತು. ಆದರೂ ಅದನ್ನು ರಾಜೇಂದ್ರನ್ ಹೇಳಿದ ಹಾಗೆಯೇ ಬರೆದುಕೊಂಡು, ಕೆಳಗೆ ಸಮಯ ನಮೂದಿಸಿ ಸಹಿ ಹಾಕಿದರು.