ಹಳದಿ ಲೈಟಿನ ತನಿಖೆ

"ಬಂತು! ಬಂತು! ಮತ್ತೆ ಬಂತು!"

ಮುಂದಿನ ಸೀಟಿನಲ್ಲಿದ್ದ ಚೂಟಿ ಕೂಗಿದ ರಭಸಕ್ಕೆ ಅಮ್ಮ ಬ್ರೇಕ್ ಒತ್ತಿಬಿಟ್ಟಳು. ಪುಣ್ಯಕ್ಕೆ ಕಾರು ಆಗಲೇ ಮನೆಯ ಗೇಟು ದಾಟಿತ್ತು. ಸ್ಟೀರಿಂಗಿನ ಹಿಂದೆ, ಎಂಜಿನ್ ಆಕಾರದ ಪುಟ್ಟ ಹಳದಿ ಲೈಟು ಏನೂ ಗೊತ್ತಿಲ್ಲದ ಹಾಗೆ ಉರಿಯುತ್ತಿತ್ತು.

"ಯಾಕೆ ಹಾಗೆ ಕಿರುಚ್ತೀಯೆ? ಹಾವು ಬಂತೇನೋ ಅಂದ್ಕೊಂಡೆ," ಅಂದಳು ಅಮ್ಮ.

"ಎಲ್ಲಾ ಇವನಿಂದ!" ಚೂಟಿ ಹಿಂದೆ ತಿರುಗಿ ಬೆರಳು ತೋರಿಸಿದಳು.

ಹಿಂದಿನ ಸೀಟಿನಲ್ಲಿ ಸ್ಕೂಲ್ ಬ್ಯಾಗ್ ತಬ್ಬಿಕೊಂಡು ಅಣ್ಣ ಕೂತಿದ್ದ.

ಒಂದು ತಿಂಗಳ ಹಿಂದೆ ಅವನು ಬಾನೆಟ್ ಎತ್ತಿ, ಎಮ್ಮೆಯ ಮೈ ತೊಳೆದ ಹಾಗೆ ಎಂಜಿನ್ನಿಗೆ ನೀರು ಬಿಟ್ಟಿದ್ದ. ಮಾರನೇ ದಿನವೇ ಲೈಟು ಬಂತು. ಶಿಕ್ಷೆಯಾಗಿ ಅವನ ಮುಂದಿನ ಸೀಟು ಚೂಟಿಗೆ ಹೋಯಿತು. ಎರಡು ದಿನ ಬಿಟ್ಟು, ನೀರು ಆರಿದ ಮೇಲೆ, ಲೈಟೂ ಹೋಯಿತು. ಆದರೆ ಆಮೇಲೂ ಬರುತ್ತಾ ಹೋಗುತ್ತಾ ಇತ್ತು, ಹೇಳದೆ ಕೇಳದೆ ಬರುವ ನೆಂಟರ ಹಾಗೆ.

"ಕಾರಣ ಸಿಗದಿದ್ರೆ ಶನಿವಾರ ಸಮುದ್ರಕ್ಕೆ ಹೋಗೋದು ಕ್ಯಾನ್ಸಲ್," ಅಂದಳು ಅಮ್ಮ. "ದಾರಿ ಮಧ್ಯೆ ಕೆಟ್ಟು ನಿಂತ್ರೆ ಯಾರು ತಳ್ಳೋದು?"

"ನಾನಂತೂ ಅಲ್ಲಪ್ಪ. ನನ್ನನ್ನೇ ಇಬ್ಬರು ತಳ್ಳಬೇಕು," ಮೆಟ್ಟಿಲ ಮೇಲೆ ಕೂತಿದ್ದ ತಾತ ಅಂದರು.

ಅಮ್ಮ ಗೆಳತಿಯಿಂದ ಒಂದು ಡಬ್ಬಿ ತಂದಿದ್ದಳು. ಬೆಂಕಿಪೊಟ್ಟಣದಷ್ಟೇ ಇತ್ತು. ಅದನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿನ ಕಾಯಿಲೆ ಮೊಬೈಲಿನಲ್ಲಿ ಕಾಣುತ್ತದಂತೆ.

"ಪೆಟ್ರೋಲ್ ಆವಿ ಎಲ್ಲೋ ಸೋರ್ತಿದೆ ಅಂತಿದೆ. ಎಲ್ಲಿ ಅಂತ ಹೇಳ್ತಿಲ್ಲ," ಮೊಬೈಲ್ ನೋಡುತ್ತಾ ಅಂದಳು ಅಮ್ಮ.

"ನನ್ನ ಮಂಡಿ ಡಾಕ್ಟರೂ ಹೀಗೇ," ಅಂದರು ತಾತ. "ನೋವಿದೆ ಅಂತಾರೆ. ಅದು ನನಗೆ ಗೊತ್ತಿಲ್ವಾ?"

ಅಮ್ಮ ಬಾನೆಟ್ ಎತ್ತಿದಳು. ಅಣ್ಣ ಟಾರ್ಚ್ ಹಿಡಿದ. ಒಂದೊಂದೇ ಪೈಪನ್ನು ಅಮ್ಮ ಬೆರಳಿನಿಂದ ತಡವಿ, ಅಲ್ಲಾಡಿಸಿ ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು.

"ತೊಳೆಯೋವಾಗ ಯಾವುದನ್ನೋ ಎಳೆದಿದ್ದೀಯ ನೀನು."

"ಇಲ್ಲಮ್ಮ. ನೀರು ಬಿಟ್ಟಿದ್ದು ನಿಜ. ಪೈಪ್ ಮುಟ್ಟಿಲ್ಲ."

"ಯಾವ ದಿನ ಬರುತ್ತೆ, ಯಾವ ದಿನ ಹೋಗುತ್ತೆ ಅಂತಾದ್ರೂ ಗೊತ್ತಿದ್ದಿದ್ರೆ..."

"ನನ್ನ ಹತ್ರ ಇದೆ!" ಚೂಟಿ ಒಳಗೋಡಿ ಒಂದು ನೋಟ್‌ಬುಕ್ ತಂದಳು. ಅಣ್ಣನನ್ನು ಹಿಡಿದುಹಾಕಲೆಂದೇ ಬರೆದಿಟ್ಟ ತನಿಖೆ ಅದು. ಗಂಟಲು ಸರಿಮಾಡಿಕೊಂಡು ಓದತೊಡಗಿದಳು.

"ಭಾನುವಾರ. ಪೆಟ್ರೋಲ್ ಹಾಕಿಸಿದೆವು. ಅಣ್ಣ ಸುಮ್ಮನೆ ನಕ್ಕ. ಅನುಮಾನ. ಸೋಮವಾರ. ಲೈಟು ಬಂತು! ಬುಧವಾರ. ಅಮ್ಮ ಆಫೀಸಿನಿಂದ ಬರುವಾಗ ಒಬ್ಬಳೇ ಪೆಟ್ರೋಲ್ ಹಾಕಿಸಿದಳು. ಅಣ್ಣ ಕಾರಿನ ಪಕ್ಕ ಕೆಮ್ಮಿದ. ಭಾರೀ ಅನುಮಾನ. ಶುಕ್ರವಾರ. ಲೈಟು ಹೋಯಿತು."

ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆಮ್ಮಿದ್ದಕ್ಕೂ ಕೇಸಾ?"

"ಮುಂದಿನ ಭಾನುವಾರ. ಪೆಟ್ರೋಲ್. ಸೋಮವಾರ. ಲೈಟು..."

ಚೂಟಿಯ ದನಿ ಸಣ್ಣಗಾಯಿತು. ಪುಟ ತಿರುಗಿಸಿದಳು. ಅಲ್ಲೂ ಅದೇ. ಭಾನುವಾರ ಪೆಟ್ರೋಲ್, ಸೋಮವಾರ ಲೈಟು. ಅಮ್ಮ ಒಬ್ಬಳೇ ಹಾಕಿಸಿದ ಮೇಲೆ ಮಾತ್ರ ಲೈಟು ಹೋಗಿತ್ತು.

ಮುಂದಿನ ಸೀಟಿನಲ್ಲಿ ಕೂತವರು ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಬೇಕು. ಇದು ಅವರ ಮನೆಯ ನಿಯಮ. ಪ್ರತಿ ಭಾನುವಾರ ಚೂಟಿ ಇಳಿಯುತ್ತಿದ್ದಳು. ಮುಚ್ಚಳ ಇಟ್ಟು, ಅರ್ಧ ಸುತ್ತು ತಿರುಗಿಸಿ, ಒಂದೇ ಓಟಕ್ಕೆ ವಾಪಸ್ ಬರುತ್ತಿದ್ದಳು. ತಡವಾದರೆ ಅಣ್ಣ ನುಗ್ಗಿ ಸೀಟಿನಲ್ಲಿ ಕೂತುಬಿಟ್ಟರೆ?

"ಓದೇ, ಯಾಕೆ ನಿಲ್ಲಿಸಿದೆ?" ಬಾನೆಟ್ಟಿನೊಳಗಿಂದ ಅಮ್ಮ ಕೇಳಿದಳು.

ಚೂಟಿ ನೋಟ್‌ಬುಕ್ ಮುಚ್ಚಿದಳು. ಯಾರೂ ತನ್ನನ್ನು ನೋಡುತ್ತಿರಲಿಲ್ಲ. ಅಣ್ಣ ನೋವಾದ ಕೈಯಿಂದ ಇನ್ನೊಂದು ಕೈಗೆ ಟಾರ್ಚ್ ಬದಲಿಸಿಕೊಂಡ.

ಅವಳು ನಿಧಾನವಾಗಿ ಕಾರಿನ ಹಿಂಭಾಗಕ್ಕೆ ನಡೆದಳು. ಮುಚ್ಚಳ ಹಿಡಿದು ತಿರುಗಿಸಿದಳು. ಅದು ತಿರುಗಿತು. ಇನ್ನೂ ತಿರುಗಿತು.

ಟಕ್. ಟಕ್. ಟಕ್.

ಮುಚ್ಚಳ ಪೂರ್ತಿ ಬಿಗಿಯಾದ ಸದ್ದು ಕೇಳಿ ಬಾನೆಟ್ಟಿನ ಹಿಂದೆ ಅಮ್ಮನ ಕೈ ನಿಂತಿತು.

"ಅಮ್ಮಾ," ಅಂದಳು ಚೂಟಿ. "ಇದು ಸಡಿಲ ಇತ್ತು. ಆವಿ ಸೋರಿದ್ದು ಇಲ್ಲಿಂದಲೇ. ನಿನ್ನೆ ಮುಚ್ಚಿದ್ದು ನಾನೇ. ಎಲ್ಲಾ ಭಾನುವಾರವೂ ನಾನೇ."

ಅಣ್ಣ ಟಾರ್ಚ್ ಆರಿಸಿದ. ಈಗ ಕುಣಿದಾಡುತ್ತಾನೆ ಅಂದುಕೊಂಡಳು ಚೂಟಿ. ಅವನು ಅವಳ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಒಂದು ಪುಟ ನೋಡಿದ.

"ನಾನು ಕೆಮ್ಮಿದ್ದು ಗುರುವಾರ," ಅಂದ. "ತಪ್ಪು ಬರೆದಿದ್ದೀಯ."

ಅಮ್ಮ ಮೊಬೈಲ್ ಒತ್ತಿ ಲೈಟು ಆರಿಸಿದಳು. ಮಂಗಳವಾರ ಅದು ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

ಶನಿವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಾರಿನ ಹತ್ತಿರ ಬಂದವಳು ಚೂಟಿ. ಹಿಂದಿನ ಬಾಗಿಲು ತೆಗೆದು ತಾತನ ಊಟದ ಬುಟ್ಟಿಯ ಪಕ್ಕ ಕೂತಳು.

ಪೆಟ್ರೋಲ್ ಬಂಕಿನಲ್ಲಿ ಅಣ್ಣ ಇಳಿದ. ಬಾಗಿಲನ್ನು ಹಾಗೇ ತೆರೆದುಬಿಟ್ಟು ಹೋದ. ಮುಂದಿನ ಸೀಟು ಖಾಲಿಯಿತ್ತು. ಸೀಟುಗಳ ಮಧ್ಯದಿಂದ ನುಸುಳಿದರೆ ಎರಡೇ ಸೆಕೆಂಡು.

ಚೂಟಿ ಅಲುಗಲಿಲ್ಲ. ಕಿಟಕಿಗೆ ಕಿವಿಯಿಟ್ಟು ಎಣಿಸಿದಳು. ಟಕ್. ಟಕ್. ಟಕ್.

ಅಣ್ಣ ಕೈ ಒರೆಸಿಕೊಳ್ಳುತ್ತಾ ಬಂದ. ಓಡಲಿಲ್ಲ. ಸೀಟಿನ ಕಡೆ ನೋಡಲೂ ಇಲ್ಲ.

ನಾಲ್ಕು ಭಾನುವಾರವೂ ತಾನು ಇಳಿದು ವಾಪಸ್ ಬಂದಾಗ ಆ ಸೀಟು ಹೀಗೇ ಖಾಲಿ ಇದ್ದದ್ದು ಚೂಟಿಗೆ ನೆನಪಾಯಿತು.