ಹನ್ನೊಂದು ಗಂಟೆಯ ಕುರಿಮಂದೆ

"ಆ ಕ್ಯಾಮೆರಾ ಕೆಳಗಿಳಿಸು ಅಂತ ಹೇಳು ಆ ಒಂಟೆಗೆ!"

ಮೈಗಾ ಕೂಗಿದ್ದಷ್ಟೇ ಅಲ್ಲ, ಕೈಲಿದ್ದ ಸೌಟನ್ನೂ ಬೀಸಿಬಿಟ್ಟಳು. ಪೀಪಾಯಿಯ ಹುಳಿನೀರು ಹಾರಿ ಆ ಉದ್ದ ಕತ್ತಿನ ಇಟಲಿಯವನ ಮುಖಕ್ಕೆ ಬೀಳಬೇಕಿತ್ತು. ಅಷ್ಟರಲ್ಲಿ ಗೈಡ್ ಅಡ್ಡ ಬಂದ. ಅವನ ಬೂದು ಕೋಟು ಎದೆಯಿಂದ ಹೊಟ್ಟೆಯವರೆಗೆ ತೊಯ್ದುಹೋಯಿತು. ಕಾಲರಿನ ಮೇಲೆ ಎಲೆಕೋಸಿನ ಎರಡು ಎಳೆ ಅಂಟಿಕೊಂಡವು.

ರೀಗಾ ಮಾರುಕಟ್ಟೆಯ ತರಕಾರಿ ಹಾಲ್ ಪೂರ್ತಿ ಇತ್ತ ತಿರುಗಿತು!

ಅವನು ಕಾಲರಿನಿಂದ ಒಂದು ಎಳೆ ತೆಗೆದು ಬಾಯಿಗೆ ಹಾಕಿಕೊಂಡ. ನಿಧಾನಕ್ಕೆ ಅಗಿದ.

"ಉಪ್ಪು ಸರಿಯಾಗಿದೆ," ಅಂದ. ಆಮೇಲೆ ಹಿಂದೆ ತಿರುಗಿ ತನ್ನ ಮಂದೆಗೆ ಇಟಾಲಿಯನ್‌ನಲ್ಲಿ ಏನೋ ಹೇಳಿದ. ಹದಿನಾಲ್ಕೂ ಜನ ಚಪ್ಪಾಳೆ ತಟ್ಟಿದರು.

ಮೈಗಾಳ ಕಿವಿ ಕೆಂಪಾಯಿತು. "ಏನಂದೆ ನೀನು?"

"ನೀವು ಹೇಳಿದ್ದನ್ನೇ ಹೇಳಿದೆ ಮೇಡಂ."

"ಒಂಟೆ ಅಂದೆಯಾ?"

"ಅಂದೆ."

"ಮತ್ತೆ ಚಪ್ಪಾಳೆ ಯಾಕೆ?"

"ಅವರ ಊರಲ್ಲಿ ಒಂಟೆ ಕಂಡರೆ ಬಹಳ ಪ್ರೀತಿಯಂತೆ," ಅಂದವನೇ ಒದ್ದೆ ಕೋಟಿನಲ್ಲೇ ಮಂದೆ ಹೊಡೆದುಕೊಂಡು ಹೋದ.

ಛೀ! ಎಂಥಾ ಮುಖ, ಎಂಥಾ ಸೊಕ್ಕು!

ಅವನ ಹೆಸರು ತಾಲಿಸ್ ಅಂತ ಪಕ್ಕದ ಅಂಗಡಿಯ ಬಿರುತಾ ಆಂಟಿ ಸಂಜೆಯೊಳಗೆ ಪತ್ತೆಮಾಡಿದಳು. ಅಣಬೆ, ಜೇನು ಮಾರುವ ಬಿರುತಾಗೆ ರೀಗಾದಲ್ಲಿ ಗೊತ್ತಿಲ್ಲದ ಸಂಗತಿಯೇ ಇರಲಿಲ್ಲ. ಇಟಲಿಯಲ್ಲಿ ಎಂಟು ವರ್ಷ ಇದ್ದು ಬಂದವನಂತೆ. ಮಂಗಳವಾರ, ಗುರುವಾರ, ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ ಅವನ ಗುಂಪು ಮಾರುಕಟ್ಟೆಗೆ ಬರುತ್ತದಂತೆ.

"ಮೂವತ್ತಾರು ವಯಸ್ಸು. ಮದುವೆ ಆಗಿಲ್ಲ," ಅಂತ ಬಿರುತಾ ಕಣ್ಣು ಮಿಟುಕಿಸಿದಳು.

"ಯಾರು ಆಗ್ತಾರೆ ಆಂಟಿ? ಕುರಿಗಳೇ ಆಗಬೇಕು."

ಪ್ರವಾಸಿಗರೆಂದರೆ ಮೈಗಾಗೆ ಮೈಯೆಲ್ಲಾ ಉರಿ. ಶುಕ್ರವಾರ ಇಳಿಯುತ್ತಾರೆ. ಶನಿವಾರ ಪೇತ್ರನ ಚರ್ಚಿನ ಗೋಪುರ ಹತ್ತುತ್ತಾರೆ. ಆಲ್ಬರ್ಟ್ ಬೀದಿಯ ಗೋಡೆಗಳ ಮೇಲೆ ಬಾಯಿ ತೆರೆದ ಕಲ್ಲುಮುಖಗಳ ಕೆಳಗೆ ತಾವೂ ಬಾಯಿ ತೆರೆದು ಫೋಟೋ ಹಿಡಿಸಿಕೊಳ್ಳುತ್ತಾರೆ. ಕಪ್ಪು ಬಾಲ್ಸಮ್ ಎಂಬ ಕಹಿ ಮದ್ಯ ಒಂದು ಗುಟುಕು ಕುಡಿದು, ವಿಷ ಕುಡಿದವರ ಹಾಗೆ ಕೆಮ್ಮುತ್ತಾರೆ. ಸೋಮವಾರ ವಿಮಾನ ಹತ್ತಿ 'ರೀಗಾ ನೋಡಿದೆವು' ಅನ್ನುತ್ತಾರೆ. ಮೂರು ದಿನದಲ್ಲಿ ನೋಡಿ ಮುಗಿಸೋಕೆ ಇದೇನು ಮೀನಿನ ಡಬ್ಬಿಯೇ?

ಅವಳ ಅಂಗಡಿಯಲ್ಲಿ ಉಪ್ಪು ಹಾಕಿ ಹುಳಿಯಾಗಿಸಿದ ಎಲೆಕೋಸಿನ ಐದು ಪೀಪಾಯಿ. ಬರೀ ಉಪ್ಪಿನದು, ಶಾಜೀರಿಗೆಯದು, ಕ್ಯಾರೆಟ್ಟಿನದು, ಕ್ರ್ಯಾನ್‌ಬೆರಿಯದು, ಬೀಟ್‌ರೂಟಿನ ಕೆಂಪು. ಅಜ್ಜಿ ಮಾರಿದ ಜಾಗ, ಅಮ್ಮ ಮಾರಿದ ಜಾಗ. ಆದರೆ ಅಮ್ಮ ಔಸ್ಮಾ ಈಗ ಮುಂದೆ ನಿಲ್ಲುವುದಿಲ್ಲ. ಹಿಂದೆ, ಮರದ ಪೆಟ್ಟಿಗೆಯ ಮೇಲೆ, ಗಿರಾಕಿಗಳಿಗೆ ಬೆನ್ನು ಹಾಕಿ ಕೂತು ಕ್ಯಾರೆಟ್ ಹೆರೆಯುತ್ತಾಳೆ.

ಆರು ವರ್ಷದ ಹಿಂದೆ ಯಾವನೋ ಪರದೇಶಿ ಅಮ್ಮನ ಫೋಟೋ ತೆಗೆದುಕೊಂಡು ಹೋದ. ಮರುತಿಂಗಳು ಅದು ಪತ್ರಿಕೆಯಲ್ಲಿ ಬಂತು. ಕೆಳಗೆ ಬರೆದಿದ್ದರು: 'ರೀಗಾದ ಬಡತನದ ಮುಖ.'

ಬಡತನ! ಆವತ್ತು ಅಮ್ಮ ತನ್ನ ಹೆಸರುಹಬ್ಬಕ್ಕೆ, ಕ್ಯಾಲೆಂಡರಿನಲ್ಲಿ ತನ್ನ ಹೆಸರಿರುವ ದಿನಕ್ಕೆ ಅಂತ ಹೊಸ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಫೋಟೋ ನೋಡಿದವಳು ಅದನ್ನು ಮಡಚಿ ಕಪಾಟಿನ ತಳಕ್ಕೆ ಹಾಕಿದಳು. ಆ ಸ್ಕಾರ್ಫ್ ಮತ್ತೆ ಹೊರಗೆ ಬರಲಿಲ್ಲ.

ಇದನ್ನೆಲ್ಲ ಆ ಕುರಿ ಕಾಯುವವನಿಗೆ ಹೇಳಬೇಕೇ?

ಗುರುವಾರ ಮತ್ತೆ ಬಂದ. ಕೋಟು ಒಗೆಸಿದ್ದ. ನಗು ಮಾತ್ರ ಹಳೆಯದೇ.

"ಇವರಿಗೆ ಒಂದೊಂದು ಲೋಟ ಹುಳಿನೀರು ಕೊಡ್ತೀರಾ?"

"ಕೊಡ್ತೀನಿ. ಕುಡಿದು ರಾತ್ರಿಯೆಲ್ಲ ಕಕ್ಕಸಿನಲ್ಲೇ ಇರಲಿ ಅಂತ ಹೇಳು," ಅಂದಳು ಮೈಗಾ, ಜೇನಿನಂಥ ನಗೆ ನಗುತ್ತಾ.

ಅವನು ಗಂಭೀರವಾಗಿ ಅನುವಾದಿಸಿದ. ಹೆಂಗಸೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡು "ಗ್ರಾಝಿಯೆ, ಗ್ರಾಝಿಯೆ" ಅಂತ ಧನ್ಯವಾದ ಹೇಳಿದಳು. ಆಮೇಲೆ ಎಲ್ಲರೂ ತಾಲಿಸನ ಮುಖ ನೋಡಿದರು, ಮೈಗಾಳ ಮುಖ ನೋಡಿದರು, ಮೊಣಕೈಯಲ್ಲಿ ತಿವಿದುಕೊಂಡು ನಕ್ಕರು.

ನನ್ನನ್ನೇ ಆಡಿಕೊಂಡು ನಗ್ತಿದಾನೆ... ಇನ್ನೇನು?

ಹೀಗೇ ಬೇಸಿಗೆ ಕಳೆಯಿತು. ಅವಳು ಬೈಯುವುದು, ಅವನು ಏನೋ ಹೇಳುವುದು, ಅವರು ನಗುವುದು. ಒಂದು ದಿನ 'ಹಂದಿಗಳು' ಅಂದಳು, ಇನ್ನೊಂದು ದಿನ 'ತಲೆಯಲ್ಲಿ ಇರೋದೂ ಕೋಸೇ' ಅಂದಳು. ಯಾವ ಬೈಗುಳಕ್ಕೂ ಯಾರ ಮುಖವೂ ಬಾಡಲಿಲ್ಲ!

"ಮಂಗಳವಾರ ಬಂತೆಂದರೆ ನಿನ್ನ ಏಪ್ರನ್ ಇಸ್ತ್ರಿ ಆಗಿರುತ್ತಲ್ಲೇ," ಅಂದಳು ಬಿರುತಾ ಒಮ್ಮೆ.

"ಶತ್ರು ಎದುರಿಗೆ ಸುಕ್ಕಾಗಿ ನಿಲ್ಲೋಕಾಗುತ್ತಾ ಆಂಟಿ?"

"ಗುರುವಾರ ಲಿಪ್‌ಸ್ಟಿಕ್ಕೂ ಇತ್ತು."

"ತುಟಿ ಒಡೆದಿತ್ತು!"

ಬಿರುತಾ ಅಣಬೆಯ ಮಣ್ಣು ಒರೆಸುತ್ತಾ ಒಳಗೊಳಗೇ ನಕ್ಕಳು. ಮೈಗಾ ಅವತ್ತೆಲ್ಲ ತನ್ನ ಮೇಲೆ ತಾನೇ ಕುದಿಯುತ್ತಿದ್ದಳು. ಹನ್ನೊಂದಾಗಿ ಐದು ನಿಮಿಷ ಕಳೆದರೂ ಅವನು ಬಾರದಿದ್ದರೆ ಕಣ್ಣು ಬಾಗಿಲಿಗೇ ಹೋಗುತ್ತಿತ್ತಲ್ಲ... ಅದು ಸಿಟ್ಟು. ಬರೀ ಸಿಟ್ಟು! ಬೇರೇನೂ ಅಲ್ಲ.

ಅಕ್ಟೋಬರಿನ ಒಂದು ಶನಿವಾರ. ದೌಗಾವಾ ನದಿಯ ಮಂಜು ಹಾಲ್‌ನ ಬಾಗಿಲವರೆಗೂ ಬಂದಿತ್ತು. ಗುಂಪಿನಲ್ಲಿದ್ದ ಒಬ್ಬಳು ನಗುನಗುತ್ತಾ ಹೂಗುಚ್ಛ ಚಾಚಿದಳು. ಮೈಗಾ ಎಣಿಸಿದಳು. ಆರು ಸೇವಂತಿಗೆ. ಆರು! ಸರಿಸಂಖ್ಯೆ!

"ನಾನಿನ್ನೂ ಸತ್ತಿಲ್ಲ ಅಂತ ಹೇಳು ಈ ಹೆಂಗಸಿಗೆ. ಹೆಣಕ್ಕಿಡೋ ಹೂವು ಜೀವಂತ ಇರೋಳಿಗೆ ಕೊಡ್ತಾಳಲ್ಲ, ಇವಳಿಗೆ ಹೇಳಿಕೊಡೋಕೆ ಮನೇಲಿ ಯಾರೂ ಇರಲಿಲ್ವಾ?"

ತಾಲಿಸ್ ಹೂಗುಚ್ಛದಿಂದ ಒಂದು ಹೂವನ್ನು ಮೆಲ್ಲಗೆ ಎಳೆದು ತನ್ನ ಕೋಟಿನ ಜೇಬಿಗೆ ಸಿಕ್ಕಿಸಿಕೊಂಡ. ಉಳಿದ ಐದನ್ನು ಪೀಪಾಯಿಯ ಪಕ್ಕ ಇಟ್ಟ. ಏನೋ ಹೇಳಿದ. ಗುಂಪೆಲ್ಲ ಗೊಳ್ಳೆಂದಿತು. ಆಮೇಲೆ ದನಿ ತಗ್ಗಿಸಿ, ಹಿಂದೆ ಬೆನ್ನು ಹಾಕಿ ಕೂತಿದ್ದ ಔಸ್ಮಾಳ ಕಡೆ ಕೈ ತೋರಿಸಿ ಇನ್ನೇನೋ ಹೇಳಿದ.

ಇಡೀ ಗುಂಪು ಅಮ್ಮನನ್ನು ನೋಡಿ ಚಪ್ಪಾಳೆ ತಟ್ಟಿತು!

ಔಸ್ಮಾ ಬೆಚ್ಚಿ ಸ್ವಲ್ಪ ತಿರುಗಿದಳು. ಕೈಯಲ್ಲಿದ್ದ ಕ್ಯಾರೆಟ್ ಕೆಳಗೆ ಬಿತ್ತು.

ಮೈಗಾ ಸೌಟನ್ನು ಪೀಪಾಯಿಯೊಳಗೆ ಕುಕ್ಕಿದಳು. ನನ್ನನ್ನು ಆಡಿಕೋ, ಸಹಿಸ್ತೀನಿ. ಅಮ್ಮನನ್ನಾ? ಸರ್ಕಸ್ಸಿನ ಕರಡಿ ತೋರಿಸೋ ಹಾಗೆ ಅಮ್ಮನನ್ನು ತೋರಿಸ್ತೀಯಾ?

ಮಧ್ಯಾಹ್ನವೇ ಅವನ ಕಚೇರಿಗೆ ಫೋನ್ ಮಾಡಿದಳು. 'ನಿಮ್ಮ ಗೈಡ್ ಮಾರುಕಟ್ಟೆಯ ವಯಸ್ಸಾದ ಹೆಂಗಸರನ್ನು ಪ್ರವಾಸಿಗರ ಮುಂದೆ ಗೇಲಿ ಮಾಡ್ತಾನೆ. ನನ್ನ ಕಣ್ಣಾರೆ ನೋಡಿದ್ದೇನೆ.' ಫೋನ್ ಇಟ್ಟಾಗ ಗೆದ್ದ ಖುಷಿ ಬರಬೇಕಿತ್ತು. ಬಾಯೆಲ್ಲಾ ಕಹಿ.

ಸೋಮವಾರ ಬೆಳಗ್ಗೆ, ಪ್ರಯಾಣದ ಚೀಲ ಎಳೆದುಕೊಂಡು ಬಿಳಿಗೂದಲ ಮುದುಕಿಯೊಬ್ಬಳು ಅಂಗಡಿ ಮುಂದೆ ನಿಂತಳು. ಶನಿವಾರದ ಗುಂಪಿನಲ್ಲಿದ್ದವಳು!

"ಅರ್ಧ ಕಿಲೋ ಶಾಜೀರಿಗೆಯದು ಕೊಡು ಮಗಳೇ," ಅಂದಳು ಅಚ್ಚ ಲಾಟ್ವಿಯನ್‌ನಲ್ಲಿ. ಅಜ್ಜಿಯ ಕಾಲದ ಲಾಟ್ವಿಯನ್.

ಮೈಗಾಳ ಕೈಲಿದ್ದ ಸೌಟು ನಿಂತುಹೋಯಿತು. "ನೀವು... ಇಲ್ಲಿಯವರಾ?"

"ಹುಟ್ಟಿದ್ದು ನದಿಯಾಚೆ, ಆಗೆನ್ಸ್‌ಕಾಲ್ನ್ಸ್‌ನಲ್ಲಿ. ಹೆಸರು ಎರ್ನಾ. ಮದುವೆಯಾಗಿ ಇಟಲಿಯ ಟೊರಿನೊ ಸೇರಿ ಐವತ್ತು ವರ್ಷ ಆಯಿತು. ನಿನ್ನ ಬಾಯಿ ಬಲು ಕೊಳಕು ಮಗಳೇ. ಆ ಹೂವಿನ ಹೆಂಗಸು ನನ್ನ ಸೊಸೆ."

ಮೈಗಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಸೋಲಲಿಲ್ಲ. "ನಿಮ್ಮ ಗೈಡ್ ಬಾಯಿ ಇನ್ನೂ ಕೊಳಕು."

"ಅವನೇನಂದ ಅಂತ ಗೊತ್ತಾ ನಿನಗೆ?"

"ಗೊತ್ತಾಗೋದೇನು? ನೀವೆಲ್ಲ ನಕ್ಕಿದ್ದು ನೋಡಲಿಲ್ವಾ?"

ಎರ್ನಾ ಅವಳನ್ನೇ ದಿಟ್ಟಿಸಿದಳು. "ಅಯ್ಯೋ ಪೆದ್ದಿ... ನಕ್ಕಿದ್ದು ಅವನನ್ನು ನೋಡಿ. 'ಇಲ್ಲಿ ಬದುಕಿರೋರಿಗೆ ಬೆಸ ಸಂಖ್ಯೆಯಲ್ಲಿ ಹೂ ಕೊಡ್ತಾರೆ, ಆರನೆಯದು ನನಗಿರಲಿ. ಈ ಹೆಣ್ಣಿನ ಕಣ್ಣಲ್ಲಿ ನಾನು ಸತ್ತು ಐದು ತಿಂಗಳಾಯಿತು' ಅಂದ. ಮಾರುಕಟ್ಟೆಗೆ ಬರೋ ಮುಂಚೆಯೇ ಹೇಳಿದ್ದ, 'ಈಗ ನಿಮಗೊಬ್ಬರನ್ನ ತೋರಿಸ್ತೀನಿ. ಅವರು ನನ್ನನ್ನ ಬೈತಾರೆ, ನೀವು ಬೇಜಾರು ಮಾಡ್ಕೋಬೇಡಿ. ವಾರಕ್ಕೆ ಮೂರು ಸಲ ಅವರ ಎದುರು ನಿಲ್ಲೋಕೆ ನನಗೆ ಬೇರೆ ನೆಪ ಇಲ್ಲ' ಅಂತ. ಅರ್ಧ ಇಟಲಿಗೆ ಗೊತ್ತಿರೋ ವಿಷಯ ನಿನಗೊಬ್ಬಳಿಗೆ ಗೊತ್ತಿಲ್ವಲ್ಲ!"

ಮೈಗಾ ಸೌಟು ಕೆಳಗಿಟ್ಟಳು. "ಅಮ್ಮನ್ನ... ಅಮ್ಮನ್ನ ತೋರಿಸಿ ಏನಂದ?"

"ಪಕ್ಕದ ಅಣಬೆಯವರು ಹೇಳಿದರಂತಲ್ಲ, ಯಾವುದೋ ಪತ್ರಿಕೆ, ಯಾವುದೋ ಫೋಟೋ. ಅದನ್ನ ಹೇಳಿದ. 'ಕ್ಯಾಮೆರಾ ಎಲ್ಲ ಜೇಬಿಗೆ ಹಾಕಿ. ಈ ತಾಯಿಯ ಕೈ ಐವತ್ತು ಚಳಿಗಾಲ ಈ ಊರಿಗೆ ಊಟ ಹಾಕಿದೆ, ಆ ಕೈಗೊಂದು ಚಪ್ಪಾಳೆ ಕೊಡಿ' ಅಂದ."

ಎರ್ನಾ ಪೊಟ್ಟಣ ತೆಗೆದುಕೊಂಡು ವಿಮಾನ ಹಿಡಿಯಲು ಹೋದಳು. ಮೈಗಾ ಪೀಪಾಯಿ ಹಿಡಿದುಕೊಂಡು ನಿಂತೇ ಇದ್ದಳು. ಆ ಒಂಟೆಯ ದಿನದ ನಂತರ ಒಂದೇ ಒಂದು ಕ್ಯಾಮೆರಾ ತನ್ನ ಕಡೆ ಎದ್ದಿರಲಿಲ್ಲ... ಐದು ತಿಂಗಳು! ಅದನ್ನೂ ನೋಡದ ಕಣ್ಣು ಇನ್ನೇನು ನೋಡಿತು?

ಹಿಂದಿನಿಂದ ಅಮ್ಮನ ದನಿ ಬಂತು. "ಆ ಹುಡುಗ ಚಪ್ಪಾಳೆ ಹೊಡೆಸಿದಾಗ ನಂಗೆ ಭಯ ಆಯ್ತು ಕಣೇ. ಆದ್ರೆ ಅವರ ಮುಖ ನೋಡಿದೆ. ಅದು ಗೇಲಿ ಮಾಡೋರ ಮುಖ ಅಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ."

ಮಂಗಳವಾರ ಹನ್ನೊಂದಕ್ಕೆ ಬೇರೆ ಗೈಡ್ ಬಂದಳು. ಕುತ್ತಿಗೆಗೆ ಮೈಕು ಕಟ್ಟಿಕೊಂಡು, ಕಾಗದ ನೋಡಿಕೊಂಡು ಓದಿದಳು. ಪ್ರವಾಸಿಗರು ಆಕಳಿಸಿದರು. ಒಬ್ಬ ಔಸ್ಮಾಳ ಕಡೆ ಫೋನ್ ಎತ್ತಿದ.

ಮೈಗಾ ನಡುವೆ ಹೋಗಿ ನಿಂತಳು. ಬೈಗುಳ ನಾಲಿಗೆ ತುದಿಗೆ ಬಂತು, ಹೊರಗೆ ಬರಲಿಲ್ಲ. ಕೈ ಅಡ್ಡ ಹಿಡಿದು, ತಲೆಯಾಡಿಸಿದಳು. ಅವನು ಫೋನ್ ಇಳಿಸಿದ. ಅಷ್ಟೇ ಸಾಕಿತ್ತಲ್ಲ!

"ಅಂಗಡಿ ನಾನು ನೋಡ್ಕೋತೀನಿ, ಅವನ ಕಚೇರಿಗೆ ಹೋಗು," ಅಂದಳು ಬಿರುತಾ.

"ನೀವ್ಯಾಕೆ, ನಾನಿಲ್ವಾ?" ಅನ್ನುತ್ತಾ ಔಸ್ಮಾ ಪೆಟ್ಟಿಗೆಯಿಂದ ಎದ್ದು ಮುಂದೆ ಬಂದಳು. ಮಗಳ ಕೈಯಿಂದ ಸೌಟು ಕಿತ್ತುಕೊಂಡಳು.

ಕಚೇರಿಯ ಗುಮಾಸ್ತ ಅವಳ ಹುಳಿಕೋಸಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಮಾತಾಡಿದ. ದೂರು ವಾಪಸ್ ಬೇಕಾದರೆ ಬರೆದುಕೊಡಬೇಕಂತೆ. ಬರೆದುಕೊಟ್ಟಳು. 'ನಾನು ಹೇಳಿದ್ದು ಸುಳ್ಳು. ಅವರು ಮರ್ಯಾದಸ್ಥರು. ಮರ್ಯಾದೆ ಇಲ್ಲದವಳು ನಾನು.' ಮೂರೇ ಸಾಲು. ಅಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಅವನೆಲ್ಲಿ ಅಂತ ಕೇಳಿದಳು.

"ಕಾಲುವೆ ದೋಣಿ ಹತ್ತಿರ ಟಿಕೆಟ್ ಹರಿತಿದಾನೆ."

ಪಾರ್ಕಿನ ಕಾಲುವೆ ದಡದಲ್ಲಿ ತಾಲಿಸ್ ನಿಂತಿದ್ದ. ತಲೆಯ ಮೇಲೆ ಬಂಗಾರದ ಅಂಚಿನ ಕ್ಯಾಪ್ಟನ್ ಟೋಪಿ, ಅದೂ ಎರಡು ಸೈಜು ದೊಡ್ಡದು! ಬೇರೆ ದಿನವಾಗಿದ್ದರೆ ಮೈಗಾ ಒಂದು ವಾರಕ್ಕಾಗುವಷ್ಟು ಆಡಿಕೊಂಡು ನಗುತ್ತಿದ್ದಳು. ಇವತ್ತು ಆ ಟೋಪಿ ನೋಡಿ ಕಣ್ಣು ತುಂಬಿತು.

ಅವನು ಅವಳನ್ನು ಕಂಡ. ನಗಲಿಲ್ಲ.

"ದೋಣಿಗೆ ಒಬ್ಬರೇನಾ ಮೇಡಂ?"

"ತಾಲಿಸ್..."

"ಓಹ್, ನನಗೊಂದು ಹೆಸರಿದೆ ಅಂತ ಗೊತ್ತಾ ನಿಮಗೆ?"

"ದೂರು ವಾಪಸ್ ತಗೊಂಡೆ. ಬರೆದುಕೊಟ್ಟು ಬಂದೆ. ಎರ್ನಾ ಅಂತ ಒಬ್ಬರು, ಶನಿವಾರದವರು... ಎಲ್ಲ ಹೇಳಿದ್ರು."

ಅವನು ಟಿಕೆಟ್ ಪುಸ್ತಕ ಮುಚ್ಚಿದ. "ನೀವು ಒಂಟೆ ಅಂದ್ರಿ, ಹಂದಿ ಅಂದ್ರಿ, ನಗ್ತಾ ಕೇಳಿದೆ. ಆದ್ರೆ ನಿಮ್ಮ ಅಮ್ಮನ್ನ ನಾನು ಗೇಲಿ ಮಾಡಿದೆ ಅಂತ ದೂರು ಕೊಟ್ರಲ್ಲ... ಅವತ್ತು ಮನೆಗೆ ಹೋಗಿ ಊಟ ಮಾಡೋಕಾಗಲಿಲ್ಲ ನಂಗೆ."

"ತಪ್ಪು ನಂದೇ." ಆ ಎರಡು ಪದ ಹೇಳುವಷ್ಟರಲ್ಲಿ ಅವಳಿಗೆ ಪೀಪಾಯಿ ಎತ್ತಿದಷ್ಟು ಸುಸ್ತು. ಆದರೆ ಮರುಕ್ಷಣ ತಲೆ ಎತ್ತಿದಳು. "ಆದ್ರೆ ನಿಂದೂ ಇದೆ! ನನ್ನ ಬಾಯಿಗೆ ನಿನ್ನ ಮಾತು ತುಂಬೋಕೆ ನೀನ್ಯಾರು? ನಾನು ಬೈದರೆ ಬೈದೆ ಅನ್ನಬೇಕಿತ್ತು. ಊರ ಮೇಲೆ ಹೋಗೋರ ಮುಂದೆಲ್ಲ ಹೇಳ್ಕೊಂಡೆ. ಟೊರಿನೊದ ಮುದುಕಿಗೆ ಹೇಳಿದೆ! ನನಗೆ ಒಂದು ಮಾತು ಹೇಳಿದ್ಯಾ? ನಾನು ನಿನಗೆ ನೋಡೋ ಗೋಪುರನಾ, ಎಲ್ಲರಿಗೂ ತೋರಿಸೋಕೆ?"

ತಾಲಿಸನ ಮುಖ ಬಾಡಿತು. ಟೋಪಿ ತೆಗೆದ. ಕೂದಲು ಬೆವರಿಗೆ ಅಂಟಿತ್ತು.

"ಅದು ಸರಿ," ಅಂದ ಮೆಲ್ಲಗೆ. "ಹೆದರಿಕೆ. ಅವರ ಭಾಷೆಯಲ್ಲಿ ಹೇಳಿದ್ರೆ ನಿಮಗೆ ಗೊತ್ತಾಗಲ್ಲ, ನೀವು ಬೇಡ ಅನ್ನಲ್ಲ. ಹೇಡಿ ಕೆಲಸ ಅದು."

"ಹೌದು, ಹೇಡಿ."

"ಹೌದು."

ದೋಣಿಯವನು ಗಂಟೆ ಬಾರಿಸಿದ. ಇಬ್ಬರೂ ಕದಲಲಿಲ್ಲ.

"ಹಾಗಾದ್ರೆ ಈಗ ನಮ್ಮ ಭಾಷೆಯಲ್ಲಿ ಹೇಳು," ಅಂದಳು ಮೈಗಾ. "ನಗೋರು ಯಾರೂ ಇಲ್ಲ ಇಲ್ಲಿ."

ಅವನು ಅವಳ ಕಣ್ಣನ್ನೇ ನೋಡಿದ. "ನೀವಂದ್ರೆ ನನಗಿಷ್ಟ, ಮೈಗಾ. ಮುಂದೆ ನಿಂತು ಬೈಯೋ ನೀವೂ ಇಷ್ಟ. ಬೈದು ಮುಗಿಸಿ ಹಿಂದೆ ತಿರುಗಿ ಅಮ್ಮನಿಗೆ ಚಳಿಯಾಗುತ್ತಾ ಅಂತ ಕೇಳ್ತೀರಲ್ಲ, ಆ ನೀವು ಇನ್ನೂ ಇಷ್ಟ."

ಮೈಗಾ ಮುಖ ಪಕ್ಕಕ್ಕೆ ತಿರುಗಿಸಿದಳು. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅದಕ್ಕೆ ಹತ್ತಿದ್ದ ಕೋಸಿನ ಉಪ್ಪುನೀರು ತಾಗಿ ಕಣ್ಣು ಇನ್ನಷ್ಟು ಉರಿಯಿತು.

"ಕುರಿ ಕಾಯೋನು," ಅಂದಳು.

"ಇದನ್ನ ಹೇಗೆ ಅರ್ಥ ಮಾಡ್ಕೊಳ್ಳಲಿ?"

"ನಂಗೂ ಇಷ್ಟ ಅಂತ ಮಾಡ್ಕೋ! ಮೇ ತಿಂಗಳಿಂದ... ಗೊತ್ತಾಗಲಿಲ್ಲ ಅಷ್ಟೇ."

ಅವನ ಮುಖದಲ್ಲಿ ಆ ನಗು ಬಂತು. ಐದು ತಿಂಗಳು ಸೊಕ್ಕು ಅಂದುಕೊಂಡಿದ್ದ ನಗು. ಅದರಲ್ಲಿ ಸೊಕ್ಕು ಎಲ್ಲಿತ್ತೋ ಅವಳಿಗೆ ಈಗ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಭಾನುವಾರ ಅಮ್ಮನ ಮನೇಲಿ ಚಳಿಗಾಲದ ಕೋಸು ಕೊಚ್ಚೋದಿದೆ. ಇನ್ನೂರು ಕಿಲೋ," ಅಂದಳು ಅವಳು, ನೆಲ ನೋಡುತ್ತಾ. "ಕೈ ತೊಳ್ಕೊಂಡು ಬಾ."

"ಎಷ್ಟು ಜನರನ್ನ ಕರ್ಕೊಂಡು ಬರಲಿ?"

ಮೈಗಾ ಅವನ ಬೆರಳು ಹಿಡಿದುಕೊಂಡಳು. ತಣ್ಣಗಿದ್ದವು.

"ಒಬ್ಬನೇ ಬಾ."