ನೋಡದೆ ಹೇಳಿದ ಹೂಂ

“ಟೆರೇನ್! ಟೆರೇನ್! ಪುಲ್ ಅಪ್!”

ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ಯಂತ್ರ, ನೆಲ ಹತ್ತಿರವಿದೆ, ಮೇಲೇರಿ ಎಂದು ಅರಚತೊಡಗಿತು. ಕಿಟಕಿಯಾಚೆ ಬರೀ ಮೋಡ. ಎದುರಿಗಿದ್ದ ಗುಡ್ಡ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ...

“ಈ ಗುಡ್ಡದ ಹತ್ರ ಇದು ಸುಮ್ಮನೆ ಬಡ್ಕೊಳ್ಳುತ್ತೆ,” ಎಂದ ಕ್ಯಾಪ್ಟನ್. ಅವನ ಕೈ ಸದ್ದಡಗಿಸುವ ಸ್ವಿಚ್ಚಿನತ್ತ ಹೋಯಿತು!

ಅವನ ಸಹಪೈಲಟ್ ಹುಡುಗಿ ಕೇಳುತ್ತಾ ಕೂರಲಿಲ್ಲ. “ಕಂಟ್ರೋಲ್ ನಂದು!” ಎಂದು ಕೂಗಿ, ಎಂಜಿನ್ನುಗಳಿಗೆ ಪೂರ್ತಿ ಬಲ ಕೊಟ್ಟು ವಿಮಾನದ ಮೂತಿಯನ್ನು ಮೇಲಕ್ಕೆತ್ತಿದಳು.

ಮೋಡದ ಮೇಲೆ ಬಿಸಿಲು ಕಂಡಾಗ ಇಬ್ಬರಿಗೂ ಹೋದ ಜೀವ ಬಂದಂತಾಯಿತು. “ಥ್ಯಾಂಕ್ಸ್,” ಎಂದ ಅವನು. ಇಳಿದ ಮೇಲೆ ಅವಳತ್ತ ತಿರುಗಿಯೂ ನೋಡಲಿಲ್ಲ.

ಮೋಡದಲ್ಲಿ ಮೆಟ್ಟಿಲಿಳಿದಂತೆ ಹಂತಹಂತವಾಗಿ ಇಳಿಯಬೇಕು. ಗುಡ್ಡ ದಾಟಿದ ಮೇಲೆ ಆಟೋಪೈಲಟ್ಟಿನಲ್ಲಿ ಇಡಬೇಕಾದ ಕಡಿಮೆ ಎತ್ತರದ ಅಂಕಿಯನ್ನು ಕ್ಯಾಪ್ಟನ್ ಅವತ್ತು ದಾಟುವ ಮೊದಲೇ ಇಟ್ಟುಬಿಟ್ಟಿದ್ದ. ಒಬ್ಬರು ಇಟ್ಟ ಅಂಕಿಯನ್ನು ಇನ್ನೊಬ್ಬರು ನೋಡಿ ಹೂಂ ಅನ್ನಬೇಕೆಂಬುದು ನಿಯಮ. ಇವಳು ಹೂಂ ಅಂದಿದ್ದಳು... ನೋಡದೆಯೇ!

ಅವನು ಅದನ್ನು ಬಾಯಿಬಿಟ್ಟರೆ ಇವಳ ಕೆಲಸಕ್ಕೇ ಕುತ್ತು.

ವಿಚಾರಣೆ ಶುರುವಾಯಿತು. ಅವನು ಫೋನ್ ಎತ್ತಲಿಲ್ಲ. ಕ್ಯಾಂಟೀನಿನಲ್ಲಿ ಇವಳನ್ನು ಕಂಡವನೇ ಅರ್ಧ ಕುಡಿದ ಕಾಫಿ ಬಿಟ್ಟು ಎದ್ದುಹೋದ.

“ಕಳ್ಳನ ಹಾಗೆ ಯಾಕೆ ತಪ್ಪಿಸ್ಕೊಂಡು ಓಡಾಡ್ತಿದಾರೆ?” ಎಂದು ಅಕ್ಕನಿಗೆ ಫೋನ್ ಮಾಡಿ ಕೇಳಿದಳು.

“ನಿನ್ನ ತಲೆ ಮೇಲೆ ಗೂಬೆ ಕೂರಿಸೋಕೆ ಕಣೇ!” ಎಂದಳು ಅಕ್ಕ. “ಮೂರು ಹೊತ್ತೂ ಕ್ಯಾಪ್ಟನ್ ಹಾಗೆ, ಕ್ಯಾಪ್ಟನ್ ಹೀಗೆ ಅಂತಿದ್ಯಲ್ಲ, ಈಗ ಅನುಭವಿಸು.”

ಅವಳ ಸರದಿ ಬಂದಾಗ ಅವನು ವಿಚಾರಣೆ ನಡೆಸುತ್ತಿದ್ದ ಮುಖ್ಯಸ್ಥೆಯ ಕೋಣೆಯಿಂದ ಹೊರಬರುತ್ತಿದ್ದ. ಮುಖ್ಯಸ್ಥೆ ಅವನ ಭುಜ ತಟ್ಟಿದರು. ‘ಮುಗೀತು ನನ್ನ ಕಥೆ!’ ಅಂದುಕೊಂಡಳು ಇವಳು.

“ಕೂತ್ಕೊಳ್ಳಿ,” ಎಂದರು ಮುಖ್ಯಸ್ಥೆ. “ಕ್ಯಾಪ್ಟನ್ ಎಲ್ಲಾ ಹೇಳಿದಾರೆ.”

“ಏನಂತ... ಮೇಡಂ?”

“ಎತ್ತರ ತಪ್ಪಾಗಿ ಇಟ್ಟಿದ್ದು, ಸ್ವಿಚ್ಚಿಗೆ ಕೈ ಹಾಕಿದ್ದು, ಎರಡೂ ಅವರೇ ಅಂತೆ. ನಿಮಗೆ ಅಂಕಿ ನೋಡೋಕೆ ಟೈಮೇ ಕೊಡ್ಲಿಲ್ವಂತೆ. ನಿಮ್ಮಿಂದ ಎಲ್ರೂ ಉಳಿದ್ರಂತೆ.”

ಅವಳಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ತೆಪ್ಪಗೆ ಎದ್ದುಹೋದರೆ ಕೆಲಸ ಉಳಿಯುತ್ತಿತ್ತು. ಆದರೆ ನಾಲಿಗೆ ಕೇಳಲಿಲ್ಲ.

“ಟೈಮ್ ಇತ್ತು ಮೇಡಂ. ನಾನೇ ನೋಡ್ಲಿಲ್ಲ. ಸುಮ್ಮನೆ ಹೂಂ ಅಂದೆ.”

ಮುಖ್ಯಸ್ಥೆ ಕನ್ನಡಕ ತೆಗೆದರು. “ಸರಿ. ಇಬ್ಬರಿಗೂ ಹಾರಾಟ ಬಂದ್. ಮೊದಲಿಂದ ಟ್ರೈನಿಂಗ್. ನಿಜ ಹೇಳಿದ್ರಿ ಅಂತ ಕೆಲಸ ಉಳೀತು.”

ಹೊರಗೆ ಅವನು ಗೋಡೆಗೊರಗಿ ಕಾಯುತ್ತಿದ್ದ.

“ನಾಲ್ಕು ದಿನದಿಂದ ಮಾತಿಲ್ಲ ಕಥೆಯಿಲ್ಲ!” ಅವಳ ಕಣ್ಣು ತುಂಬಿತು. “ನಿಮ್ಮನ್ನ ಎಷ್ಟು ಬೈಕೊಂಡೆ ಗೊತ್ತಾ?”

“ಮಾತಾಡಿದ್ರೆ, ನಿಮ್ಮ ಹೇಳಿಕೇನ ನಾನೇ ಬಾಯಿಪಾಠ ಮಾಡಿಸಿದೆ ಅಂತಿದ್ರು. ನಿಮ್ಮ ಮಾತಿಗೆ ಬೆಲೆ ಇರ್ತಿರಲಿಲ್ಲ.”

“ಮತ್ತೆ ಸುಳ್ಳು ಯಾಕೆ ಹೇಳಿದ್ರಿ? ಟೈಮ್ ಇತ್ತು ಅಂತ ನಾನೇ ಹೇಳ್ಬಿಟ್ಟೆ, ಇಬ್ಬರಿಗೂ ಹಾರಾಟ ಬಂದ್.”

“ನಿಮ್ಮ ಕೆಲಸ ಹೋಗ್ಬಾರ್ದು ಅಂತ. ನೀವೇ ಅದನ್ನ ಕೆಡಿಸಿದ್ರಿ.” ಅವನು ನಿಟ್ಟುಸಿರು ಬಿಟ್ಟ. “ಅಷ್ಟು ಟೈಮ್ ಇತ್ತಲ್ಲ, ಅಂಕಿ ನೋಡದೆ ಏನು ಮಾಡ್ತಿದ್ರಿ?”

ಅವಳು ತಲೆ ತಗ್ಗಿಸಿದಳು. “ನಿಮ್ಮನ್ನ ನೋಡ್ತಿದ್ದೆ...”

ಅವನು ಗೋಡೆ ಬಿಟ್ಟು ಅವಳ ಹತ್ತಿರ ಬಂದ.

“ತಪ್ಪು ಕಣೇ ಅದು,” ಎಂದ, ಮೊದಲ ಸಲ ಏಕವಚನದಲ್ಲಿ. “ನೆಲದ ಮೇಲಿದ್ದಾಗ ನೋಡು. ಎಷ್ಟು ಹೊತ್ತು ಬೇಕಾದ್ರೂ ಕೂತಿರ್ತೀನಿ.”